ಒಂದು ಕೋಟಿ ಡಾಲರ್ ಚಂದಾ ಎತ್ತಿ ಹೆದ್ದಾರಿ ಕಟ್ಟಲು ಹೊರಟವರು

ಅಮೆರಿಕದ ಲಿಂಕನ್ ಹೆದ್ದಾರಿಯ ಕಥೆಯಲ್ಲಿ ಕಾಂಕ್ರೀಟಿಗಿಂತ ಹೆಚ್ಚು ಕುತೂಹಲದ್ದು ಅದರ ಜಮಾಖರ್ಚು. 1912ರ ಸೆಪ್ಟೆಂಬರ್‌ನಲ್ಲಿ ಇಂಡಿಯಾನಾಪೊಲಿಸ್‌ನ ಕಾರ್ಲ್ ಫಿಶರ್ ಕಾರು ಉದ್ಯಮದವರನ್ನು ಊಟಕ್ಕೆ ಕರೆದು ಒಂದು ಲೆಕ್ಕ ಮುಂದಿಟ್ಟ. ಕಾರಿನ ಗ್ಯಾಸ್ ದೀಪ ಮಾರಿ ದುಡ್ಡು ಮಾಡಿದ್ದವನು, ಊರಿನ ರೇಸ್ ಟ್ರ್ಯಾಕ್ ಕಟ್ಟಿಸಿದವರಲ್ಲೊಬ್ಬ. ಕರಾವಳಿಯಿಂದ ಕರಾವಳಿಗೆ ಜಲ್ಲಿ ರಸ್ತೆ; ಸಾಮಗ್ರಿಗೆ ಬೇಕಾದ 1 ಕೋಟಿ ಡಾಲರ್ ಕಾರು ಮತ್ತು ಟೈರ್ ಕಂಪನಿಗಳಿಂದ; ಕೂಲಿ, ಯಂತ್ರ ದಾರಿಯುದ್ದದ ಕೌಂಟಿಗಳಿಂದ, ಅಂದರೆ ಅಲ್ಲಿನ ಜಿಲ್ಲೆಗಳಿಂದ. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ಹೊತ್ತಿಗೆ ಕೆಲಸ ಮುಗಿದಿರಬೇಕು.

ಗುಡ್‌ಇಯರ್‌ನ ಫ್ರಾಂಕ್ ಸೈಬರ್ಲಿಂಗ್ ತನ್ನ ನಿರ್ದೇಶಕ ಮಂಡಳಿಯನ್ನು ಕೇಳದೆಯೇ 3 ಲಕ್ಷ ಡಾಲರ್ ಬರೆಸಿದ. ಸಾಮಾನ್ಯರಿಗೆ 5 ಡಾಲರ್ ಸದಸ್ಯತ್ವ. ಹೆನ್ರಿ ಫೋರ್ಡ್ ಮಾತ್ರ ಕೈ ಬಿಚ್ಚಲಿಲ್ಲ. ರಸ್ತೆಯನ್ನು ಕಂಪನಿಗಳೇ ಕಟ್ಟಿಕೊಟ್ಟರೆ ಅದಕ್ಕೆ ತೆರಿಗೆ ಕೊಡುವುದನ್ನು ಜನ ಕಲಿಯುವುದೇ ಇಲ್ಲ ಎಂಬುದು ಅವನ ವಾದ. ಆಗ ಅದು ಜಿಪುಣತನದಂತೆ ಕಂಡಿರಬಹುದು, ಆದರೆ ಇಡೀ ಗುಂಪಿನಲ್ಲಿ ಸರಿಯಾಗಿ ಲೆಕ್ಕ ಹಾಕಿದವನು ಅವನೊಬ್ಬನೇ ಎಂದು ನನಗನ್ನಿಸುತ್ತದೆ.

ಯಾಕೆಂದರೆ 1913ರಲ್ಲಿ ಘೋಷಿಸಿದ ದಾರಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋದ ಲಿಂಕನ್ ಪಾರ್ಕ್‌ವರೆಗೆ 3,389 ಮೈಲಿ. ಕೋಟಿಯನ್ನು ಅದಕ್ಕೆ ಭಾಗಿಸಿ ನೋಡಿ: ಮೈಲಿಗೆ 2,950 ಡಾಲರ್. ಅದರಲ್ಲೇ ಅಯೋವಾದ ಕೆಸರು, ಯೂಟಾದ ಉಪ್ಪು ಮರುಭೂಮಿ, ಸಿಯೆರಾ ಬೆಟ್ಟ ಎಲ್ಲ ದಾಟಬೇಕು. ವಾಗ್ದಾನಗಳು ಸುಮಾರು 40 ಲಕ್ಷಕ್ಕೆ ಬಂದು ನಿಂತವು.

ದಾರಿ ಗೊತ್ತುಮಾಡುವುದೂ ಸುಲಭವಿರಲಿಲ್ಲ. 1913ರ ಜುಲೈನಲ್ಲಿ ಫಿಶರ್ ಮತ್ತು ಇಂಡಿಯಾನಾದವರು 17 ಕಾರು, 2 ಲಾರಿ ಕಟ್ಟಿಕೊಂಡು 34 ದಿನ ಪಶ್ಚಿಮಕ್ಕೆ ಹೋದಾಗ, ಹೆದ್ದಾರಿ ತಮ್ಮೂರ ಮೇಲೇ ಬರುತ್ತದೆ ಎಂದು ದಾರಿಯಲ್ಲಿ ಸಿಕ್ಕ ಊರಿನವರಿಗೆಲ್ಲ ಆಸೆ ಹುಟ್ಟಿತು. ಅದೇ ವರ್ಷ ಪ್ಯಾಕರ್ಡ್ ಕಂಪನಿಯ ಹೆನ್ರಿ ಜಾಯ್ ಅಧ್ಯಕ್ಷತೆಯಲ್ಲಿ ಲಿಂಕನ್ ಹೆದ್ದಾರಿ ಸಂಘ ಹುಟ್ಟಿತು. ಜಾಯ್‌ಗೆ ಬೇಕಿದ್ದದ್ದು ನೇರ ದಾರಿ. ಕೊಲರಾಡೋದ ಒತ್ತಾಯಕ್ಕೆ ಮಣಿದು ಡೆನ್ವರ್‌ಗೆ ಒಂದು ಸುತ್ತುದಾರಿ ಸೇರಿಸಿದರು, 1915ಕ್ಕೆ ಅದನ್ನೂ ಕೈಬಿಟ್ಟರು.

ಚಂದಾ ನಿಂತ ಮೇಲೆ ಹುಟ್ಟಿದ್ದು 'ಸೀಡ್ಲಿಂಗ್ ಮೈಲ್', ಅಂದರೆ ಸಸಿ ಮೈಲಿ. ಇಡೀ ರಸ್ತೆ ಕಟ್ಟಲಾಗದಿದ್ದರೆ ಒಂದೇ ಮೈಲಿ ಕಾಂಕ್ರೀಟ್ ಹಾಕಿ ತೋರಿಸುವುದು. ಮೊದಲನೆಯದು 1914ರಲ್ಲಿ ಇಲಿನಾಯ್‌ನ ಮಾಲ್ಟಾ ಪಕ್ಕ. ಮೈಲಿಗೆ ಸುಮಾರು 2,000 ಬ್ಯಾರೆಲ್ ಸಿಮೆಂಟ್ ಕಂಪನಿಗಳಿಂದ ದಾನ. ಆಗಿನ ಒಂದು ಬ್ಯಾರೆಲ್ ಎಂದರೆ 376 ಪೌಂಡ್, ಅಂದರೆ 94 ಪೌಂಡಿನ ನಾಲ್ಕು ಚೀಲ. ಒಟ್ಟು 340 ಟನ್. ನಮ್ಮ 50 ಕಿಲೋ ಮೂಟೆಯಲ್ಲಿ 6,800. ಇಷ್ಟು ಸಿಮೆಂಟಿಗೆ ಹತ್ತಡಿ ಅಗಲ, ಆರೇಳು ಅಂಗುಲ ದಪ್ಪದ ಒಂದು ಪಟ್ಟಿ ಹೊರಡುತ್ತದೆ, ಅಷ್ಟೇ. ಮರಳು, ಜಲ್ಲಿ, ನೆಲ ಹದ ಮಾಡುವುದು, ಆಳು ಎಲ್ಲ ಊರಿನವರ ತಲೆಗೆ.

ಜಾಣತನವಿದ್ದದ್ದು ಜಾಗ ಆರಿಸುವುದರಲ್ಲಿ. ಊರೊಳಗೆ ಹಾಕಿದರೆ ಪ್ರಯೋಜನವಿಲ್ಲ. ಊರಿಂದ ಆಚೆ, ಕೆಸರಿನ ನಡುವೆ ಹಾಕಬೇಕು: ಡ್ರೈವರ್ ಕೆಸರಲ್ಲಿ ಒದ್ದಾಡಿ ಬಂದು ಒಂದು ಮೈಲಿ ಹಾಯಾಗಿ ಓಡಿಸಿ ಮತ್ತೆ ಕೆಸರಿಗೆ ಬೀಳಬೇಕು. ಅಯೋವಾದ ಮಣ್ಣು ನಮ್ಮ ಧಾರವಾಡ ಸೀಮೆಯ ಎರೆಮಣ್ಣಿನ ಹಾಗೆ. ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಆ ಸಿಟ್ಟಿನಲ್ಲಿ ಜನ ರಸ್ತೆ ಬಾಂಡ್‌ಗೆ, ಅಂದರೆ ರಸ್ತೆಗಾಗಿ ಸರ್ಕಾರ ಸಾಲ ಎತ್ತುವುದಕ್ಕೆ, ಮತ ಹಾಕುತ್ತಾರೆ ಎಂಬುದು ಎಣಿಕೆ.

ದಾನದ ದುಡ್ಡು ಎಲ್ಲಿ ಕೈಕೊಡುತ್ತದೆ ಎನ್ನುವುದು ಯೂಟಾದಲ್ಲಿ ಗೊತ್ತಾಯಿತು. ಮರುಭೂಮಿಯ ನೇರದಾರಿಗೆ ಗುಡ್‌ಇಯರ್ 1 ಲಕ್ಷ ಡಾಲರ್ ಕೊಟ್ಟಿತು, 1918ರಲ್ಲಿ ಒಪ್ಪಂದವೂ ಆಯಿತು. ರಾಜ್ಯ ಸ್ವಲ್ಪ ಕಟ್ಟಿ 1919ರಲ್ಲಿ ನಿಲ್ಲಿಸಿಬಿಟ್ಟಿತು; ಅದರ ಒಲವೆಲ್ಲ ಉತ್ತರದ ವೆಂಡೋವರ್ ದಾರಿಯ ಕಡೆಗೆ. ದುಡ್ಡು ಕೊಟ್ಟವರಿಗೆ ರಾಜ್ಯವನ್ನು ಹಿಡಿದು ನಿಲ್ಲಿಸುವ ಅಧಿಕಾರ ಎಲ್ಲಿಂದ ಬರಬೇಕು?

ನಿಜವಾದ ದುಡ್ಡು ಬಂದದ್ದು ವಾಷಿಂಗ್ಟನ್ನಿಂದ. 1916ರ ಫೆಡರಲ್ (ಕೇಂದ್ರ ಸರ್ಕಾರದ) ಕಾಯ್ದೆ ಐದು ವರ್ಷಕ್ಕೆ 7.5 ಕೋಟಿ ಡಾಲರ್ ಇಟ್ಟಿತು. ಷರತ್ತುಗಳಿದ್ದವು: ರಾಜ್ಯಕ್ಕೆ ಹೆದ್ದಾರಿ ಇಲಾಖೆ ಇರಬೇಕು, ಸಮಪಾಲು ಹಾಕಬೇಕು, ಸುಂಕ ವಸೂಲಿ ಮಾಡಕೂಡದು; ಸೇತುವೆ ಬಿಟ್ಟು ಮೈಲಿಗೆ ಫೆಡರಲ್ ಪಾಲು 10,000 ಡಾಲರ್ ದಾಟಬಾರದು. ಹಣ ಊರೂರಿನ ತುಂಡು ರಸ್ತೆಗಳಿಗೆ ಹಂಚಿಹೋಗುವ ದೋಷವನ್ನು 1921ರ ಕಾಯ್ದೆ ತಿದ್ದಿತು: ನೆರವು ಪ್ರತಿ ರಾಜ್ಯದ ಶೇಕಡಾ 7ರಷ್ಟು ರಸ್ತೆಗೆ ಮಾತ್ರ, ಅವು ಒಂದಕ್ಕೊಂದು ಕೂಡಿಕೊಂಡು ಜಾಲವಾಗಬೇಕು.

ಸಂಘದ ಇನ್ನೊಂದು ದೊಡ್ಡ ಕೆಲಸ ಇಂಡಿಯಾನಾದ 'ಐಡಿಯಲ್ ಸೆಕ್ಷನ್', ಅಂದರೆ ಮಾದರಿ ರಸ್ತೆಯ ತುಂಡು. ಉದ್ದ 1.3 ಮೈಲಿ, ಅಗಲ 40 ಅಡಿ, ಉಕ್ಕು ಹಾಕಿದ 10 ಅಂಗುಲ ಕಾಂಕ್ರೀಟ್, ರಾತ್ರಿಗೆ ದೀಪ. ಯುಎಸ್ ರಬ್ಬರ್ ಕಂಪನಿಯೊಂದೇ ಇದಕ್ಕೆ 1,30,000 ಡಾಲರ್ ಕೊಟ್ಟಿತು. ಅದೊಂದೇ ಮೈಲಿಗೆ ಲಕ್ಷ ಡಾಲರ್ ಆಯಿತು. ಫಿಶರ್‌ನ 2,950 ಎಲ್ಲಿ, ಇದೆಲ್ಲಿ! ಷಿಕಾಗೋ ಸುತ್ತಮುತ್ತ ಇರುವ ಕನ್ನಡಿಗರು ಆ ತುಂಡಿನ ಮೇಲೆ ಈಗಲೂ ಕಾರು ಓಡಿಸಬಹುದು: ಯುಎಸ್ 30 ಹೆದ್ದಾರಿಯಲ್ಲಿ, ಡಯರ್ ಮತ್ತು ಶೆರರ್‌ವಿಲ್ ನಡುವೆ.