ನಾನು ಮುಗಿಸೋಕೆ ಹೋಗ್ತಿಲ್ಲ

ಭಾನುವಾರ ಅಕ್ಕನ ಮನೆಯಲ್ಲಿ ಊಟ ಇನ್ನೂ ಮೊಸರನ್ನಕ್ಕೆ ಬಂದಿತ್ತು, ಅಷ್ಟರಲ್ಲೇ ಭಾವ, ಅಮ್ಮ ತಮಿಳುನಾಡಿನ ತಿರುವಣ್ಣಾಮಲೈಗೆ ಹೋಗಿ ನಡೆದೇ ಬೆಟ್ಟದ ಸುತ್ತ ಪ್ರದಕ್ಷಿಣೆ ಮಾಡ್ತೀನಿ ಅಂದಿದ್ದ ವಿಷಯ ತೆಗೆದರು. "ಅತ್ತೆ, ತಿರುವಣ್ಣಾಮಲೈದು ನೀವು ಯೋಚನೆ ಮಾಡ್ಬೇಡಿ. ಅಲ್ಲಿ ಬೆಟ್ಟ ಸುತ್ತಿಸೋಕೆ ಆಟೋ ಸಿಗುತ್ತೆ. ಎಂಟೂ ಲಿಂಗದ ಮುಂದೆ ನಿಲ್ಲಿಸ್ತಾನೆ, ಇಳಿದು ಕೈಮುಗಿದು ಹತ್ತಿದ್ರೆ ಆಯ್ತು. ಎರಡು ಗಂಟೆಯಲ್ಲಿ ಮುಗಿಯುತ್ತೆ."

ಅಮ್ಮ ತಲೆ ಎತ್ತಲಿಲ್ಲ. "ಅಳಿಯಂದ್ರೇ, ನಾನು ಮುಗಿಸೋಕೆ ಹೋಗ್ತಿಲ್ಲ" ಅಂದಳು.

ದನಿಯಲ್ಲಿ ಕೋಪ ಇರಲಿಲ್ಲ. ಉಪ್ಪು ಕೊಡಿ ಅನ್ನೋ ಹಾಗೆ ಹೇಳಿದಳು. ಆಮೇಲೆ ಉಪ್ಪಿನಕಾಯಿ ಕೇಳಿದಳು, ಮಾತು ಬೇರೆ ಕಡೆ ಹೋಯಿತು. ನನಗೆ ಮಾತ್ರ ಈ ವಾರವೆಲ್ಲಾ ಅದೇ ಮಾತು. ಬಸ್ಸಲ್ಲಿ ಕೂತಾಗ, ಆಫೀಸಲ್ಲಿ ಯಾರೋ "ಬೇಗ ಮುಗಿಸಿ ಕಳಿಸಿ" ಅಂದಾಗ, ರಾತ್ರಿ ಗ್ಯಾಸ್ ಕಟ್ಟೆ ಒರೆಸುವಾಗ. ನಾನು ಮುಗಿಸೋಕೆ ಹೋಗ್ತಿಲ್ಲ.

ಭಾವನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ತುಂಬಾ ಒಳ್ಳೆಯವರು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲಾ ಹೊರಗಿನ ಬೆಂಚಿನ ಮೇಲೆ ಕೂತಿದ್ದವರು ಅವರೇ. ಆದರೆ ಪ್ರೀತಿ ಅಂದರೆ ಅವರಿಗೆ ವ್ಯವಸ್ಥೆ. ಯಾರಿಗೆ ಏನು ಕಷ್ಟ ಆಗಬಹುದು ಅಂತ ಮೊದಲೇ ಊಹಿಸಿ ಅದನ್ನು ತೆಗೆದುಹಾಕಿಬಿಡುತ್ತಾರೆ. ಏನು ಬೇಕು ಅಂತ ಕೇಳೋದು ಮರೆತುಹೋಗುತ್ತೆ. ವಯಸ್ಸಾದವರ ವಿಷಯದಲ್ಲಿ ನಾವೆಲ್ಲಾ ಹೀಗೇ ಅಲ್ವಾ? ಅಮ್ಮ ನಡೀತೀನಿ ಅಂದ ತಕ್ಷಣ ಮನೆಯವರೆಲ್ಲಾ ಶುರು ಮಾಡಿದ್ದು ಅವಳು ಏನೇನು ಮಾಡಬಾರದು ಅನ್ನೋದರಿಂದ. ಯಾಕೆ ನಡೀಬೇಕು ಅನ್ನಿಸಿತು ಅಂತ ಒಬ್ಬರೂ ಕೇಳಲಿಲ್ಲ.

ಸುತ್ತು ಹದಿನಾಲ್ಕು ಕಿಲೋಮೀಟರ್. ಪೂರ್ತಿ ಡಾಂಬರು ರಸ್ತೆ, ಹತ್ತೋದು ಇಳಿಯೋದು ಅಂತ ಹೆಚ್ಚೇನೂ ಇಲ್ಲ. ಬೆಟ್ಟ ಬಲಕ್ಕೇ ಇರುತ್ತೆ. ಇಂದ್ರ ಲಿಂಗದಿಂದ ಈಶಾನ್ಯ ಲಿಂಗದವರೆಗೆ ದಿಕ್ಕಿಗೊಂದು ಗುಡಿ. ರಸ್ತೆಯ ಎಡಗಡೆ ನಡೀಬೇಕು ಅಂತಾರೆ, ಬೆಟ್ಟದ ಕಡೆಯ ಜಾಗ ಕಣ್ಣಿಗೆ ಕಾಣದ ಸಿದ್ಧರಿಗೆ ಬಿಡಬೇಕಂತೆ. ಅಮ್ಮನಿಗೆ ಇದು ಬಹಳ ಇಷ್ಟ ಆಗಿದೆ. "ಅವರೂ ನಡೀತಾರೆ ನೋಡು, ಆಟೋದಲ್ಲಿ ಹೋಗಲ್ಲ" ಅಂದಳು.

ಭಾವನಿಗೆ ಹುಣ್ಣಿಮೆ ದಿನವೇ ಆಗಬೇಕಿತ್ತು. ಹುಣ್ಣಿಮೆಗೆ ಅಲ್ಲಿ ಲಕ್ಷಗಟ್ಟಲೆ ಜನ. ಕಾರ್ತಿಕ ದೀಪದ ಸಮಯ ಬಂದರೆ ಕೇಳೋದೇ ಬೇಡ, ಬೆಟ್ಟದ ತುದಿಯಲ್ಲಿ ದೊಡ್ಡ ಕೊಪ್ಪರಿಗೆಯಲ್ಲಿ ತುಪ್ಪದ ದೀಪ ಹಚ್ಚುವುದನ್ನು ನೋಡೋಕೆ ಊರೇ ತುಂಬಿಹೋಗುತ್ತೆ. ಆ ಗುಂಪಿನಲ್ಲಿ ನಮ್ಮ ನಡಿಗೆ ನಮ್ಮ ಕೈಯಲ್ಲಿ ಇರಲ್ಲ. ನಿಲ್ಲಬೇಕು ಅನ್ನಿಸಿದರೆ ಹಿಂದಿನವರು ಬಿಡಲ್ಲ. ಬೆಟ್ಟವೇ ಶಿವ ಅಂತ ನಂಬಿದ ಜಾಗ ಅದು, ಪಂಚಭೂತ ಕ್ಷೇತ್ರಗಳಲ್ಲಿ ಅಗ್ನಿಯ ಸ್ಥಾನ. ಬೆಟ್ಟ ಬುಧವಾರವೂ ಅಲ್ಲೇ ಇರುತ್ತೆ ಅಂತ ನಾನು ವಾದ ಮಾಡಿದೆ. ಇದರಲ್ಲಿ ನಾನು ಸ್ವಲ್ಪವೂ ಬಗ್ಗಲಿಲ್ಲ.

ಕಷ್ಟ ಆಗಿದ್ದು ಚಪ್ಪಲಿಯ ವಿಷಯ. ಬರಿಗಾಲಲ್ಲಿ ನಡೆಯೋದು ಪದ್ಧತಿ. ಅಮ್ಮನಿಗೆ ವರ್ಷಗಳಿಂದ ಶುಗರ್ ಇದೆ. ಡಾಕ್ಟರ್ ಹತ್ತಿರ ಹೋದಾಗ ಅವರು ಅಮ್ಮನ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯಂಥದ್ದನ್ನು ಪಾದದ ಅಲ್ಲಲ್ಲಿ ಒತ್ತಿ, ಗೊತ್ತಾದಾಗ ಹೇಳಿ ಅಂದರು. ಎಡಗಾಲಿನ ಹೆಬ್ಬೆರಳ ಹತ್ತಿರ ಎಳೆ ಬಗ್ಗುವವರೆಗೂ ಒತ್ತಿದರು, ಅಮ್ಮ ಸುಮ್ಮನೆ ಇದ್ದಳು. ಆ ಕ್ಷಣ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಕಲ್ಲು ಚುಚ್ಚಿದರೂ ಗೊತ್ತಾಗಲ್ಲ, ಗಾಯ ಆದರೆ ಬೇಗ ಒಣಗಲ್ಲ, ಬರಿಗಾಲು ಬೇಡವೇ ಬೇಡ ಅಂದರು ಡಾಕ್ಟರ್. ನಡೆಯೋದಕ್ಕೆ ಬೇಡ ಅನ್ನಲಿಲ್ಲ, ನಿಧಾನವಾಗಿ ಅಭ್ಯಾಸ ಮಾಡಿ ಹೋಗಲಿ ಅಂದರು. ಅಮ್ಮ ಹಟ ಹಿಡಿಯುತ್ತಾಳೆ ಅಂದುಕೊಂಡಿದ್ದೆ. ಹಿಡಿಯಲಿಲ್ಲ. "ನನ್ನ ಕಾಲು ಹೇಗಿದೆ ಅಂತ ಅವನಿಗೆ ಗೊತ್ತಿಲ್ವಾ? ಚರ್ಮದ್ದು ಮಾತ್ರ ಬೇಡ" ಅಂದಳು. ಬಟ್ಟೆಯ ಶೂ ತಂದೆವು, ಅರ್ಧ ಸೈಜು ದೊಡ್ಡದು, ನಡೆಯುತ್ತಾ ಪಾದ ಊದಿಕೊಳ್ಳುತ್ತೆ ಅಂತ. ಮೊದಲು ಮನೆಯೊಳಗೆ ಹಾಕಿಕೊಂಡು ಓಡಾಡಿದಳು, ಆಮೇಲೆ ಪಾರ್ಕಿನಲ್ಲಿ, ಈಗ ಬೆಳಗ್ಗೆ ರಸ್ತೆಯಲ್ಲಿ. ಬಂದ ಮೇಲೆ ನಾನು ಪಾದ ತಿರುಗಿಸಿ ನೋಡುತ್ತೇನೆ, ಕೆಂಪಾಗಿದೆಯಾ, ಬೊಬ್ಬೆ ಬಂದಿದೆಯಾ ಅಂತ. ಉಪವಾಸ ಇಲ್ಲ ಅಂತ ಮೊದಲೇ ಒಪ್ಪಿಸಿದ್ದೇನೆ. ಪರ್ಸಿನಲ್ಲಿ ಕಲ್ಲುಸಕ್ಕರೆ ಇರುತ್ತೆ, ಶುಗರ್ ಇಳಿದು ತಲೆ ತಿರುಗಿದರೆ ಬಾಯಿಗೆ ಹಾಕೋಕೆ.

ಬಿಸಿಲಿಗೆ ಡಾಂಬರು ಕಾಯುವ ಮೊದಲು ಹೆಚ್ಚಿನ ದಾರಿ ಕಳೆಯಬೇಕು ಅಂತ ರಾತ್ರಿ ಎರಡೂವರೆಗೆ ಹೊರಡೋದು ಅಂತ ಮಾಡಿದ್ದೇವೆ. ಸಾಮಾನ್ಯದವರಿಗೆ ನಾಲ್ಕೈದು ಗಂಟೆ ಸಾಕು. ಅಮ್ಮನಿಗೆ ಎಷ್ಟು ಅಂತ ನಾನು ಲೆಕ್ಕ ಹಾಕುತ್ತಾ ಕೂತಿದ್ದಾಗ ಮತ್ತೆ ಅದೇ ಮಾತು ಕಿವಿಯಲ್ಲಿ. ಕಾಗದ ಮಡಚಿಟ್ಟೆ.

ರಮಣ ಮಹರ್ಷಿಗಳು 1896ರಲ್ಲಿ ಹುಡುಗನಾಗಿ ಆ ಊರಿಗೆ ಬಂದವರು 1950ರಲ್ಲಿ ತೀರಿಕೊಳ್ಳುವವರೆಗೂ ಆ ಬೆಟ್ಟವನ್ನು ಬಿಟ್ಟು ಹೋಗಲಿಲ್ಲ. ಮೊದಲ ವರ್ಷಗಳಲ್ಲಿ ಭಕ್ತರ ಜೊತೆ ಗಿರಿಪ್ರದಕ್ಷಿಣೆಗೆ ಹೊರಟರೆ ದಾರಿಯಲ್ಲಿ ನಿಂತು, ಅಡುಗೆ ಮಾಡಿಕೊಂಡು, ಮಲಗಿ, ಎದ್ದು, ಒಂದು ಸುತ್ತಿಗೆ ಎರಡು ಮೂರು ದಿನ ಹಿಡಿಯುತ್ತಿದ್ದದ್ದೂ ಉಂಟಂತೆ. ಒಂಬತ್ತು ತಿಂಗಳು ತುಂಬಿದ ರಾಣಿ ನಡೆಯುವಷ್ಟು ನಿಧಾನವಾಗಿ ನಡೀಬೇಕು ಅಂತ ಹೇಳುತ್ತಿದ್ದರಂತೆ. ಇದನ್ನು ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನಿಮ್ಮಿಬ್ಬರನ್ನು ಹೊತ್ತಾಗ ನಾನು ಒಂದು ದಿನವೂ ನಿಧಾನ ನಡೆದಿಲ್ಲ ಕಣೇ. ಬಾವಿಯಿಂದ ನೀರು, ಆಳುಗಳಿಗೆ ಊಟ, ಎಲ್ಲಾ ಓಡೋಟ" ಅಂದಳು.

ಅವಳು ಬೆಳಗ್ಗೆ ಎದ್ದ ಕ್ಷಣದಿಂದ ಮುಗಿಸುತ್ತಲೇ ಬಂದವಳು. ತಿಂಡಿ ಮುಗಿಸು, ಪಾತ್ರೆ ಮುಗಿಸು, ಅತ್ತೆಯ ಸೇವೆ ಮುಗಿಸು, ಅಕ್ಕನ ಮದುವೆ ಮುಗಿಸು. ನನ್ನ ಕೈಗೂ ಅದೇ ಬಂದಿದೆ. ದೇವರ ಮುಂದೆ ದೀಪ ಹಚ್ಚುವಾಗಲೂ ಕುಕ್ಕರ್ ಕೂಗುವುದನ್ನೇ ಕಾಯುತ್ತಿರುತ್ತೇನೆ. ನಾವು ದೇವಸ್ಥಾನಕ್ಕೆ ಹೋಗೋದನ್ನೂ ಕೆಲಸ ಮಾಡಿಬಿಟ್ಟಿದ್ದೇವೆ. ಒಂದು ದಿನದಲ್ಲಿ ಐದು ಕ್ಷೇತ್ರ ಅಂತ ಟೂರಿನವರು ಮಾರುತ್ತಾರೆ, ನಾವು ಕೊಳ್ಳುತ್ತೇವೆ. ನನಗೆ ಇದು ನಿಜಕ್ಕೂ ಬೇಸರ ತರುತ್ತೆ.

ಇನ್ನೊಂದು ಕಾರಣವೂ ಇದೆ, ಅದು ಬುಧವಾರ ರಾತ್ರಿ ಗೊತ್ತಾಯಿತು. ಅಮ್ಮ ಹಾಸನದ ಕಡೆಯವಳು. ಹೊಯ್ಸಳರ ಮೂರನೇ ಬಲ್ಲಾಳ, ಅದೇ ಕಡೆಯ ದ್ವಾರಸಮುದ್ರ, ಅಂದರೆ ಈಗಿನ ಹಳೇಬೀಡು, ಹಾಳಾದ ಮೇಲೆ ತಿರುವಣ್ಣಾಮಲೈಯಿಂದ ಆಳಿದವನು. ಆ ದೇವಸ್ಥಾನದಲ್ಲಿ ಅವನ ಹೆಸರಿನ ಗೋಪುರ ಈಗಲೂ ಇದೆ. ಪೂರ್ವದ ದೊಡ್ಡ ರಾಜಗೋಪುರಕ್ಕೆ ಕೈಹಾಕಿದವನು ಕೃಷ್ಣದೇವರಾಯ, ಹನ್ನೊಂದು ಅಂತಸ್ತು. ಅದೆಲ್ಲಾ ನನಗೆ ಗೊತ್ತಿತ್ತು. ಬಲ್ಲಾಳನ ಕಥೆ ಅಮ್ಮ ಹೇಳಿದಳು. ಅವನಿಗೆ ಮಕ್ಕಳಿರಲಿಲ್ಲವಂತೆ, ಅಲ್ಲಿನ ಶಿವ ಅಣ್ಣಾಮಲೈಯಪ್ಪನೇ ಮಗನಾಗಿ ಬಂದನಂತೆ. ಅದಕ್ಕೆ ಈಗಲೂ ವರ್ಷಕ್ಕೊಮ್ಮೆ ತಮಿಳರ ಮಾಸಿ ತಿಂಗಳಲ್ಲಿ ದೇವರು ಪಕ್ಕದ ಹಳ್ಳಿಗೆ ಹೋಗಿ ಬಲ್ಲಾಳನಿಗೆ ಮಗನಾಗಿ ತಿಥಿ ಮಾಡಿ ಬರುತ್ತಾನೆ.

ಎರಡೂ ಹೆಣ್ಣು, ಮುಂದೆ ಕೊಳ್ಳಿ ಇಡೋರು ಯಾರು ಅಂತ ನಮ್ಮ ಮನೆಯಲ್ಲಿ ಅಮ್ಮನ ಎದುರೇ ಮಾತಾಡಿದವರಿದ್ದಾರೆ. ಕೆಲವರು ಈಗಲೂ ಹಬ್ಬಕ್ಕೆ ಬಂದು ಅವಳ ಕೈಯಡುಗೆ ಉಣ್ಣುತ್ತಾರೆ. ಅವರನ್ನು ನಾನು ಕ್ಷಮಿಸಿಲ್ಲ. ಅಮ್ಮ ಕ್ಷಮಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ. "ಅಂಥ ದೇವರ ಸುತ್ತ ಒಂದು ಸಲ ನಡೀಬೇಕು ಅನ್ನಿಸ್ತು" ಅಂತ ಮಾತ್ರ ಹೇಳಿ ದಿಂಬು ಸರಿಮಾಡಿಕೊಂಡಳು.

ಗುರುವಾರ ಭಾವ ಫೋನ್ ಮಾಡಿದರು. ಆಟೋ ಮಾತೇ ಇಲ್ಲ. ರಸ್ತೆಯಲ್ಲಿ ಎಲ್ಲೆಲ್ಲಿ ಕಲ್ಲುಬೆಂಚಿದೆ, ಎಲ್ಲಿ ಶೌಚಾಲಯ, ರಾತ್ರಿ ಯಾವ ಕಡೆ ಟೀ ಅಂಗಡಿ ತೆಗೆದಿರುತ್ತೆ ಅಂತ ಅಲ್ಲಿಗೆ ಆಗಾಗ ಹೋಗುವ ಸ್ನೇಹಿತರೊಬ್ಬರನ್ನು ಕೇಳಿ ಪಟ್ಟಿ ಮಾಡಿದ್ದರು. ಊರಿನಿಂದ ನೋಡಿದರೆ ಬೆಟ್ಟದ ಹಿಂಬದಿಗಿರುವ ಅಡಿ ಅಣ್ಣಾಮಲೈ ದೇವಸ್ಥಾನದಲ್ಲಿ ಅತ್ತೆ ಬೇಕಾದಷ್ಟು ಹೊತ್ತು ಕೂರಲಿ ಅಂದರು. ನಾನು ಕೇಳದೆ ಇರಲಾಗಲಿಲ್ಲ, "ಅಮ್ಮ ಕುಬೇರ ಲಿಂಗದ ಹತ್ತಿರ ಸಾಕು ಅಂದ್ರೆ?" ಭಾವ ಸ್ವಲ್ಪ ಯೋಚಿಸಿ, "ಅಲ್ಲಿಂದ ವಾಪಸ್ ಬನ್ನಿ. ಉಳಿದಿದ್ದು ಇನ್ನೊಂದು ಸಲ ಹೋಗಿ ನಡೆದರಾಯ್ತು" ಅಂದರು. ಹೋಗೋದು ನಾವಿಬ್ಬರೇ ಅಂತಿತ್ತು, ಈಗ ಅಕ್ಕನೂ ರಜೆ ಹಾಕಿದ್ದಾಳೆ, ಮೂರು ಟಿಕೆಟ್ ಆಗಿದೆ.