ಪೂಜೆಯಿಲ್ಲದ ಗುಡಿಯಲ್ಲಿ

ಸೋಮನಾಥಪುರಕ್ಕೆ ಹೊರಟಾಗ ಅಮ್ಮ ಹಣ್ಣುಕಾಯಿ, ತುಳಸಿ ಮಾಲೆ ಎಲ್ಲ ಬುಟ್ಟಿಗೆ ಹಾಕಿಕೊಂಡಿದ್ದರು. ಅಲ್ಲಿ ಪೂಜೆ ನಡೆಯುವುದಿಲ್ಲ ಅಂತ ನಾನು ಹೇಳಿರಲಿಲ್ಲ. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಹೇಳಿದ್ದರೆ ಅವರು ಬರುತ್ತಿರಲಿಲ್ಲ. "ಇಲ್ಲಿ ಪೂಜೆ ಇಲ್ಲಮ್ಮ" ಅಂತ ಕಾವಲಿನವರು ಅಂದಾಗ ಅಮ್ಮ ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತದೆ.

ಹೊಯ್ಸಳರ ದಂಡನಾಯಕ ಸೋಮನಾಥ ಹದಿಮೂರನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಇದು. ಕೇಶವ, ಜನಾರ್ದನ, ವೇಣುಗೋಪಾಲ ಅಂತ ಮೂರು ಗರ್ಭಗುಡಿ. ಕೇಶವನ ಮೂಲ ಮೂರ್ತಿ ಈಗಿಲ್ಲ.

ಅಮ್ಮ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡೇ ಜಗತಿ ಹತ್ತಿ ಪ್ರದಕ್ಷಿಣೆ ಶುರು ಮಾಡಿದರು. ಜಗತಿ ಅಂದರೆ ಗುಡಿ ನಿಂತಿರುವ ಎತ್ತರದ ಕಲ್ಲಿನ ಕಟ್ಟೆ; ನಕ್ಷತ್ರದ ಆಕಾರದ್ದು ಅದು. ಗೋಡೆ ನೇರ ಹೋಗುವುದೇ ಇಲ್ಲ, ನಾಲ್ಕು ಹೆಜ್ಜೆಗೊಮ್ಮೆ ತಿರುಗುತ್ತದೆ. ತಿರುಗಿದಲ್ಲೆಲ್ಲ ಒಬ್ಬ ದೇವರು. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ರಾಮಾಯಣ, ಭಾರತ. ಸುಮ್ನೆ ದಾಟಿ ಹೋಗೋಕೆ ಆಗೋದೇ ಇಲ್ಲ. ಒಂದು ಸುತ್ತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮನೆ ಹತ್ತಿರದ ಗುಡಿಯಲ್ಲಿ ನಾನು ಅಷ್ಟು ಹೊತ್ತಿಗೆ ಮೂರು ಸಲ ಮೊಬೈಲ್ ನೋಡಿರುತ್ತೇನೆ.

"ಇದು ಬಳಪದ ಕಲ್ಲು ಅಮ್ಮ. ಭೂಮಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿ ತಾಗಿದ ಹಾಗೆ ಗಟ್ಟಿಯಾಗುತ್ತೆ" ಅಂದೆ. "ನಾವು ಸ್ಲೇಟಿನ ಮೇಲೆ ಬರೀತಿದ್ದ ಬಳಪಾನಾ?" ಅಂತ ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡರು.

ಒಂದು ಮೂರ್ತಿಯ ಕೆಳಗೆ ಹಳೆಗನ್ನಡ ಲಿಪಿಯ ಅಕ್ಷರಗಳಿದ್ದವು. ದೇವರ ಹೆಸರಲ್ಲ, ಕಡೆದವನದು: ಮಲ್ಲಿತಮ್ಮ. ಈ ಗುಡಿಯಲ್ಲಿ ಅವನ ಹೆಸರು ಹಲವು ಕಡೆ ಇದೆ. ಅಮ್ಮ ಅಲ್ಲೇ ನಿಂತುಬಿಟ್ಟರು. "ದೇವರ ಪಾದದ ಹತ್ರಾನೇ ಹೆಸರು ಹಾಕ್ಕೊಂಡಿದ್ದಾನೆ, ಜಾಣ" ಅಂದರು.

ನನಗೆ ವಿಧಾನಸೌಧ ನೆನಪಾಯಿತು. 1956ರಲ್ಲಿ ಮುಗಿದ ಆ ಕಟ್ಟಡದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತಿದೆ. ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಎಲ್ಲರಿಗೂ ಗೊತ್ತು. ಅಲ್ಲಿ ಉಳಿ ಹಿಡಿದು ಕೂತಿದ್ದವರಲ್ಲಿ ಒಬ್ಬರ ಹೆಸರೂ ನಮ್ಮ ಬಾಯಿಗೆ ಬರುವುದಿಲ್ಲ ಅಲ್ವಾ?

ಕಾಯಿ ಬುಟ್ಟಿಯಲ್ಲೇ ಮನೆಗೆ ವಾಪಸ್ ಬಂತು.

ಮುಂದಿನ ತಿಂಗಳು ಬೇಲೂರಿಗೆ ಹೋದೆವು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಇವತ್ತೂ ಪೂಜೆ ನಡೆಯುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಒಟ್ಟಿಗೆ ಯುನೆಸ್ಕೊ ಪಟ್ಟಿ ಸೇರಿದವು ಅಂದೆ. ಅಮ್ಮನಿಗೆ ಅದೇನೂ ಬೇಕಿರಲಿಲ್ಲ. ಕಲ್ಲಿನ ಚೆಲುವೆಯರಾದ ಮದನಿಕೆಯರನ್ನೂ ಆಮೇಲೆ ನೋಡಿದರಾಯಿತು ಅಂತ ಸೀದಾ ಒಳಗೆ ಹೋದರು.

ಅರ್ಚಕರು ಕೇಳಿದರು, "ಯಾರ ಹೆಸರಿಗೆ ಅರ್ಚನೆ?"

"ಮಲ್ಲಿತಮ್ಮ."

"ಗೋತ್ರ, ನಕ್ಷತ್ರ?"

ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿದರು. "ಗೊತ್ತಿಲ್ಲ ಸ್ವಾಮಿ. ಸೋಮನಾಥಪುರದಲ್ಲಿ ಕೆಲಸ ಮಾಡ್ತಿದ್ದ."