ಎಂಟು ಮೈಕಿನ ಜಾಗರಣೆ

ಭಜನೆಗೆ ಎರಡು ಮೈಕು ಸಾಕು ಎಂಬುದು ನನ್ನ ತಂದೆಯ ಲೆಕ್ಕವಾಗಿತ್ತು. ಹಾವೇರಿ ಜಿಲ್ಲೆಯ ಒಂದು ಸಣ್ಣ ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ನಡೆಸುತ್ತಿದ್ದ ಅವರು, ಮದುವೆಯೋ ಜಾತ್ರೆಯೋ ನಾಟಕವೋ ಎಂದು ತಿಳಿದೊಡನೆ, ಏನೇನು ಬೇಕೆಂದು ಕೇಳದೆಯೇ ಸಾಮಾನು ಎತ್ತಿಡುತ್ತಿದ್ದರು. ಭಜನಾ ಮೇಳವೆಂದರೆ ಮುಂದೆ ಹಾಡುವವರಿಗೆ ಒಂದು ಮೈಕು, ಹಿಂದೆ ಎತ್ತಿಕೊಳ್ಳುವವರಿಗೆ ಒಂದು, ಬೇವಿನ ಮರಕ್ಕೆ ಕಟ್ಟಲು ಎರಡು ಹಾರ್ನು. ಅವರು ತೀರಿಕೊಂಡ ಮೇಲೆ ಅಂಗಡಿ ನನ್ನ ಕೈಗೆ ಬಂತು. 2014ರ ಶಿವರಾತ್ರಿಯಂದು ಶಿಗ್ಗಾಂವಿ ತಾಲ್ಲೂಕಿನ ಒಂದು ಹಳ್ಳಿಯ ಮಠಕ್ಕೆ, ಅದೇ ಭಜನಾ ಮೇಳದ ಜಾಗರಣೆಗೆ, ನಾನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದದ್ದು ಎಂಟು ಮೈಕು, ಹದಿನಾರು ಚಾನೆಲ್ಲಿನ ಮಿಕ್ಸರು, ನಾಲ್ಕು ದೊಡ್ಡ ಸ್ಪೀಕರು ಮತ್ತು ಒಂದು ಜನರೇಟರು. ಆ ರಾತ್ರಿ ನಡೆದದ್ದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣ, ಅಂದು ನಾನು ಮಾಡಿದ ಒಂದು ಕೆಲಸ ಸರಿಯೋ ತಪ್ಪೋ ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇದು ಶರೀಫರ ಸೀಮೆ. 1819ರಲ್ಲಿ ಹುಟ್ಟಿ 1889ರಲ್ಲಿ ಕಣ್ಮುಚ್ಚಿದ ಶಿಶುನಾಳ ಶರೀಫರ ಗದ್ದುಗೆ ಇರುವುದು ಇದೇ ತಾಲ್ಲೂಕಿನಲ್ಲಿ, ಮತ್ತು ಇಲ್ಲಿನ ಊರುಗಳಲ್ಲಿ ತತ್ವಪದವೆಂದರೆ ವೇದಿಕೆಯ ಕಾರ್ಯಕ್ರಮವಲ್ಲ; ಅಮಾವಾಸ್ಯೆಗೆ, ಸೋಮವಾರಕ್ಕೆ, ಸತ್ತವರ ಮನೆಯ ರಾತ್ರಿಗೆ ಜನ ಕೂಡಿ ಹಾಡಿಕೊಳ್ಳುವ ಪದ. ಆ ಮೇಳದ ಹಿರಿಯರು ಎಪ್ಪತ್ತು ದಾಟಿದ ಒಬ್ಬ ರೈತರು. ಊರಿನವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಬಲಗೈಯ ತೋರುಬೆರಳಿನಲ್ಲಿ ಏಕತಾರಿಯ ತಂತಿ ಮೀಟುತ್ತ, ಅದರ ಬುರುಡೆಯನ್ನು ಎದೆಗೆ ಆನಿಸಿಕೊಂಡು ಅವರು ಪದದ ಮೊದಲ ಸಾಲು ಎತ್ತಿದರೆ, ಹಿಮ್ಮೇಳದವರು ಅದನ್ನು ಹಿಡಿದು ಎರಡು ಸಲ ತಿರುಗಿಸುತ್ತಿದ್ದರು. ಪೇಟಿ (ಹಾರ್ಮೋನಿಯಂ), ತಬಲಾ, ತಾಳ, ದಮ್ಮಡಿ ಜೊತೆಗೆ. ಬಾಲ್ಯದಲ್ಲಿ ತಂದೆಯ ಆಂಪ್ಲಿಫೈಯರ್ ಪೆಟ್ಟಿಗೆಯ ಮಗ್ಗುಲಲ್ಲಿ ಕೌದಿ ಹೊದ್ದು ಮಲಗಿ ನಾನು ಕೇಳಿದ್ದು ಇದೇ ಸದ್ದನ್ನು.

ಆ ವರ್ಷ ಮೇಳಕ್ಕೆ ಒಬ್ಬ ಹೊಸ ಹುಡುಗ ಸೇರಿದ್ದ. ಪೇಟೆಯ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಅವನು ತನ್ನ ಜೊತೆ ಒಂದು ಕೀಬೋರ್ಡು, ಕೋಲಿನಿಂದ ಬಡಿಯುವ ಒಂದು ರಿದಮ್ ಪ್ಯಾಡು ತಂದಿದ್ದ. ಸಂಜೆ ವೈರು ಎಳೆಯುತ್ತಿರುವಾಗಲೇ ಮಠದ ಕಟ್ಟೆಯ ಮೇಲೆ ಅದರ ಚರ್ಚೆ ಆರಂಭವಾಗಿತ್ತು. ಭಜನೆ ಎಂದರೆ ಪೇಟಿ ತಬಲಾ, ಇದೇನು ಡಿಜೆಯೇ ಎಂದು ಕೆಲವು ಹಿರಿಯರು ಕೇಳಿದರು. ಕೀಬೋರ್ಡು ಬಂದಿದೆ ಎಂಬ ಸುದ್ದಿಗೇ ಅಕ್ಕಪಕ್ಕದ ಊರಿನ ಇಪ್ಪತ್ತು ಮೂವತ್ತು ತರುಣರು ಬೈಕುಗಳ ಮೇಲೆ ಬಂದು ನಿಂತಿದ್ದರು. ನಾನು ಬಾಯಿ ಬಿಟ್ಟು ಏನನ್ನೂ ಹೇಳಲಿಲ್ಲ, ಆದರೆ ಮನಸ್ಸಿನಲ್ಲಿ ಹಿರಿಯರ ಪಕ್ಷವನ್ನೇ ಹಿಡಿದಿದ್ದೆ.

ಅದಕ್ಕೆ ನನಗೊಂದು ವಿಶೇಷ ಕಾರಣವೂ ಇತ್ತು. ಸರಿಯಾಗಿ ಒಂದು ತಿಂಗಳ ಹಿಂದೆ, ಜನವರಿ 27ರಂದು, ಅಮೆರಿಕದ ಜನಪದ ಗಾಯಕ ಪೀಟ್ ಸೀಗರ್ ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅವರ ಬಗ್ಗೆ ಬಂದ ಬರಹಗಳಲ್ಲಿ ಒಂದು ಪ್ರಸಂಗವನ್ನು ಓದಿ ನಾನು ಬಹಳ ಮೆಚ್ಚಿಕೊಂಡಿದ್ದೆ. 1965ರ ಜುಲೈ 25ರ ರಾತ್ರಿ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ, ಅಲ್ಲಿಯವರೆಗೆ ಮರದ ಗಿಟಾರು ಮತ್ತು ಮೌತ್ ಆರ್ಗನ್ ಹಿಡಿದು ಒಬ್ಬನೇ ನಿಂತು ಹಾಡುತ್ತಿದ್ದ 24 ವರ್ಷದ ಬಾಬ್ ಡಿಲನ್, ಎಲೆಕ್ಟ್ರಿಕ್ ಗಿಟಾರು ತೊಟ್ಟು, ಡ್ರಮ್ಮು ಆರ್ಗನ್ನುಗಳ ತಂಡದೊಂದಿಗೆ ವೇದಿಕೆಗೆ ಬಂದ. ಜನ ಕೂಗಿದರು, ಹಂಗಿಸಿದರು. ಮೂರು ಹಾಡಿಗೆ ತಂಡ ಇಳಿದುಹೋಯಿತು. ಮತ್ತೆ ಕರೆಸಿಕೊಂಡಾಗ ಅವನು ಮರದ ಗಿಟಾರು ಹಿಡಿದು ಎರಡು ಹಾಡು ಹಾಡಿ ಹೋದ. ಆ ಹೊತ್ತಿನಲ್ಲಿ ಸೀಗರ್ ಕೊಡಲಿ ಹಿಡಿದು ಮೈಕಿನ ಕೇಬಲ್ ಕಡಿಯಲು ಹೊರಟಿದ್ದರು ಎಂಬ ಕಥೆ ಅಂದಿನಿಂದ ಬೆಳೆಯುತ್ತ ಬಂದಿದೆ. ನನ್ನ ಕಸುಬಿನವನಿಗೆ ಕೇಬಲ್ ಎಂದರೆ ಜೀವ. ಆದರೂ ಪದ ಉಳಿಯಲೆಂದು ಕೇಬಲ್ ಕಡಿಯಲು ಸಿದ್ಧನಾದ ಮುದುಕನ ಚಿತ್ರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತ್ತು. ಅಂದು ಸೀಗರ್‌ಗೆ 46 ವರ್ಷ ಮಾತ್ರ ಎಂಬುದನ್ನು ಗಮನಿಸುವಷ್ಟು ತಾಳ್ಮೆ ಕೂಡ ಆಗ ನನಗಿರಲಿಲ್ಲ.

ಭಜನೆ ಒಂಬತ್ತಕ್ಕೆ ಶುರುವಾಯಿತು. ಗಣಪತಿಯ ಪದ, ಗುರುವಿನ ಪದ ಮುಗಿಯುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಹನ್ನೊಂದರ ಹೊತ್ತಿಗೆ ಬೈಕಿನ ಹುಡುಗರು ಬೀಟ್ಸ್ ಹಾಕು ಎಂದು ಕೂಗಿದರು. ಅವನು ಗುಂಡಿ ಒತ್ತಿದ. ಕೀಬೋರ್ಡಿನೊಳಗಿನ ತಾಳ ತಾನಾಗಿ ಓಡತೊಡಗಿತು. ಅಲ್ಲಿಂದ ಮುಂದೆ ಆದದ್ದನ್ನು ಮಿಕ್ಸರಿನ ಹಿಂದೆ ಕುಳಿತವನಾಗಿ ನಾನು ಬಿಡಿಬಿಡಿಯಾಗಿ ಕಂಡೆ. ತತ್ವಪದಕ್ಕೆ ತನ್ನದೇ ಒಂದು ನಡೆಯಿದೆ: ನಿಧಾನವಾಗಿ ಎತ್ತಿ, ಅರ್ಥ ಬಿಚ್ಚಿಕೊಳ್ಳುವ ಸಾಲಿನಲ್ಲಿ ನಿಂತು, ಬೇಕಾದರೆ ತಾಳವನ್ನೇ ಕೈಸನ್ನೆಯಿಂದ ತಡೆದು ಒಂದು ಮಾತು ಹೇಳಿ, ಕೊನೆಯ ನುಡಿಗೆ ಬರುವಷ್ಟರಲ್ಲಿ ಇಡೀ ಮೇಳವೇ ಏರುತ್ತ ಏರುತ್ತ ದುಪ್ಪಟ್ಟಿನ ವೇಗಕ್ಕೆ ಹೋಗುತ್ತದೆ. ಯಂತ್ರದ ತಾಳಕ್ಕೆ ಇದು ಗೊತ್ತಿಲ್ಲ. ಅಜ್ಜಾರು ಅರ್ಥ ಹೇಳಲು ನಿಂತರೆ ಬೀಟ್ಸ್ ನಿಲ್ಲುತ್ತಿರಲಿಲ್ಲ, ಅವರು ಏರಲು ಹೋದರೆ ಅದು ಏರುತ್ತಿರಲಿಲ್ಲ. ಉಸಿರು ತೆಗೆದುಕೊಳ್ಳಬೇಕಾದ ಕಡೆ ಅವರು ಸಾಲನ್ನು ಅರ್ಧಕ್ಕೆ ನುಂಗತೊಡಗಿದರು. ಹಿಮ್ಮೇಳದ ಮುದುಕರು ಒಬ್ಬೊಬ್ಬರಾಗಿ ಎತ್ತಿಕೊಳ್ಳುವುದನ್ನು ಬಿಟ್ಟು ಸುಮ್ಮನೆ ತಾಳ ತಟ್ಟುತ್ತ ಕುಳಿತರು.

ರಾತ್ರಿ ಒಂದೂವರೆಯ ಸುಮಾರಿಗೆ ಶರೀಫರ ಒಂದು ಪದ ನಡೆದಿತ್ತು. ಒಂದು ಮಾತೂ ಕೇಳುತ್ತಿರಲಿಲ್ಲ. ನಾನು ಕೀಬೋರ್ಡು ಮತ್ತು ಪ್ಯಾಡಿನ ಎರಡೂ ಚಾನೆಲ್ಲುಗಳನ್ನು ಬೆರಳಿನಿಂದ ಪೂರ್ತಿ ಕೆಳಗೆಳೆದುಬಿಟ್ಟೆ.

ಸದ್ದು ಒಮ್ಮೆಲೇ ಕುಸಿಯಿತು. ಹುಡುಗ ಇನ್ನೂ ನುಡಿಸುತ್ತಲೇ ಇದ್ದ. ತನ್ನ ವಾದ್ಯ ಕೆಟ್ಟಿದೆ ಎಂದುಕೊಂಡು ವೈರನ್ನು ಅಲುಗಾಡಿಸಿದ, ಪಿನ್ನು ಕಿತ್ತು ಮತ್ತೆ ಸಿಕ್ಕಿಸಿದ, ಆಮೇಲೆ ನನ್ನ ಕಡೆ ನೋಡಿದ. ನಾನು ಕಣ್ಣು ತಪ್ಪಿಸಿದೆ. ಅಷ್ಟರಿಂದಲೇ ಅವನಿಗೆ ಎಲ್ಲ ತಿಳಿಯಿತು. ಅವನ ಮುಖ ಆ ಬಲ್ಬಿನ ಬೆಳಕಿನಲ್ಲಿ ಕೆಂಪಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹತ್ತೊಂಬತ್ತರ ಹುಡುಗ, ಸಾವಿರಾರು ರೂಪಾಯಿ ಸಾಲ ಮಾಡಿ ತಂದ ವಾದ್ಯವನ್ನು ಇಡೀ ಊರಿನೆದುರು ಮೂಕವಾಗಿಸಿಕೊಂಡು ಕುಳಿತಿದ್ದ. ಹಿಂದಿನಿಂದ ಬೈಕಿನ ಹುಡುಗರು ಸೌಂಡು ಸೌಂಡು ಎಂದು ಕಿರುಚಿದರು. ಕಟ್ಟೆಯ ಮೇಲಿನ ಹಿರಿಯರು ಚಪ್ಪಾಳೆ ತಟ್ಟಿದರು.

ಅಜ್ಜಾರು ಪದ ನಿಲ್ಲಿಸಿ, ಏಕತಾರಿಯನ್ನು ತೊಡೆಯ ಮೇಲಿಟ್ಟು ನನ್ನನ್ನು ಕರೆದರು.

"ತಮ್ಮಾ, ಅವನ ದನಿ ಯಾಕ ಮುಚ್ಚಿದಿ?"

"ಅಜ್ಜಾರ, ಪದದ ಮಾತು ಕೇಳಸವಲ್ದು. ಅದಕ್ಕ."

"ಮಾತು ಕೇಳಸವಲ್ದು ಅಂದ್ರ ನನಗ ಹೇಳು. ಅವನ್ನ ಕರದಾಂವ ನಾನು. ಮುಚ್ಚಾಂವ ನೀನ್ಯಾರು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಬೇಕು ಎಂಬ ಧಾಟಿ ಮಾತ್ರ ಇತ್ತು. ನನ್ನ ಬಳಿ ಉತ್ತರವಿರಲಿಲ್ಲ. ಮೇಳದ ಹಿಮ್ಮೇಳದಲ್ಲಿ ಅರವತ್ತರ ಒಳಗಿನವರು ಇಬ್ಬರೇ ಇದ್ದಾರೆ, ಈ ಹುಡುಗನ ಹಿಂದೆ ಇನ್ನೂ ನಾಲ್ಕು ಹುಡುಗರು ಪದ ಕಲಿಯಲು ಬರುತ್ತಿದ್ದಾರೆ ಎಂದು ಅವರು ಹೇಳಿದಾಗ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ ಎಂಬುದು ಅರಿವಾಯಿತು. ಆಮೇಲೆ ಅವರು ತಮ್ಮ ಮುಂದಿನ ಮೈಕುಗಳನ್ನು ಒಂದೊಂದಾಗಿ ನೋಡಿದರು. ಅಜ್ಜಾರ ಬಾಯಿಗೆ ಒಂದು, ಪೇಟಿಗೆ ಒಂದು, ತಬಲಾ ಡಗ್ಗಾಕ್ಕೆ ಎರಡು, ತಾಳ ದಮ್ಮಡಿಗೆ ಸೇರಿ ಒಂದು, ಹಿಮ್ಮೇಳಕ್ಕೆ ಮೂರು.

"ಎಲ್ಲಾದಕ್ಕೂ ಮೈಕ ಹಚ್ಚೀದಿ. ಇದಕ್ಕ ಎಲ್ಲೈತಿ?" ಎಂದು ಏಕತಾರಿಯನ್ನು ಎತ್ತಿ ತೋರಿಸಿದರು. "ಹತ್ತು ವರ್ಷಾತು, ಇದರ ದನಿ ನನಗ ಕೇಳಿಲ್ಲ."

ಈ ಮಾತಿನ ಹಿಂದಿರುವ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಂದೆಯ ಕಾಲದಲ್ಲಿ ಏಕತಾರಿಗೆಂದು ಬೇರೆ ಮೈಕು ಇರಲಿಲ್ಲ, ಆದರೆ ಅದರ ದನಿ ಊರಿಗೆಲ್ಲ ಕೇಳುತ್ತಿತ್ತು. ಹಾಡುವವರು ಆಗ ಮೈಕಿನಿಂದ ಒಂದು ಮೊಳ ದೂರ ಕುಳಿತಿರುತ್ತಿದ್ದರು. ಎದೆಗಾನಿಸಿದ ಬುರುಡೆಯೂ ಬಾಯಿಯೂ ಆ ಒಂದೇ ಮೈಕಿಗೆ ಸರಿಸುಮಾರು ಒಂದೇ ದೂರದಲ್ಲಿ ಇರುತ್ತಿದ್ದವು. ದೊಡ್ಡ ಸ್ಪೀಕರುಗಳು ಬಂದ ಮೇಲೆ, ದೂರದ ಮೈಕಿನ ಸದ್ದು ಏರಿಸಿದರೆ ಸ್ಪೀಕರಿನ ಸದ್ದೇ ಮತ್ತೆ ಮೈಕಿಗೆ ಹೊಕ್ಕು ಕುಂಯ್ ಎಂದು ಕೂಗತೊಡಗಿತು. ಅದಕ್ಕಾಗಿ ನಾವು ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ತಂದೆವು. ತುಟಿಗೆ ತಾಗಿದ ಮೈಕಿಗೆ ಗಂಟಲು ಮಾತ್ರ ಕೇಳುತ್ತದೆ, ಗೇಣು ದೂರದ ತಂತಿ ಕೇಳುವುದಿಲ್ಲ. ಅಜ್ಜಾರ ಏಕತಾರಿಯನ್ನು ಮುಚ್ಚಿದ್ದು ಕೀಬೋರ್ಡು ಎಂದು ನಾನು ಭಾವಿಸಿದ್ದೆ. ಕೀಬೋರ್ಡು ಆ ಮೇಳಕ್ಕೆ ಬಂದದ್ದು ಆ ವರ್ಷ. ಏಕತಾರಿ ಮೂಕವಾದದ್ದು ಅದಕ್ಕಿಂತ ಬಹಳ ಮೊದಲು, ನನ್ನ ಸಾಮಾನಿನಿಂದ, ಯಾರ ತಕರಾರೂ ಇಲ್ಲದೆ.

ಪೇಟಿಯ ವಿಷಯವೂ ಹೀಗೆಯೇ. ಕಟ್ಟೆಯ ಮೇಲಿನ ಹಿರಿಯರು ಸಂಪ್ರದಾಯ ಎಂದು ಹಿಡಿದಿದ್ದ ಹಾರ್ಮೋನಿಯಂ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ಬಂದ ವಾದ್ಯ. ಅದರ ಕಟ್ಟಿದ ಸ್ವರಗಳಲ್ಲಿ ಮೀಂಡಿಗೆ, ಎಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಕ್ಕೆ, ದಾರಿಯಿಲ್ಲ, ಅದು ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಎಂದು 1940ರಲ್ಲಿ ಆಕಾಶವಾಣಿಯೇ ಅದನ್ನು ನಿಷೇಧಿಸಿತ್ತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಆಕ್ಷೇಪ ಪೊಳ್ಳಾಗಿರಲಿಲ್ಲ. ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುತ್ತಾರೆ; ಏಕತಾರಿಯ ಷಡ್ಜಕ್ಕೆ, ಎಂದರೆ ಆಧಾರದ ಸ ಸ್ವರಕ್ಕೆ, ಕಿವಿಗೊಟ್ಟು ಹಾಡುವವರ ಶುದ್ಧ ಗಾಂಧಾರ ಪೇಟಿಯ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತದೆ. ಆ ಕೂದಲೆಳೆಯಲ್ಲಿಯೇ ಅಜ್ಜಾರ ದನಿಯ ಸೊಗಸು ಇತ್ತು. ಹೀಗಿದ್ದೂ ಹಾರ್ಮೋನಿಯಂ ಇಲ್ಲದ ಭಜನೆಯನ್ನು ಇಂದು ಈ ಸೀಮೆಯಲ್ಲಿ ಯಾರೂ ಊಹಿಸಿಕೊಳ್ಳಲಾರರು.

ಆ ರಾತ್ರಿ ಮುಂದೆ ನಡೆದದ್ದು ಇಷ್ಟು. ಅಜ್ಜಾರು ಹುಡುಗನಿಗೆ ಬೀಟ್ಸ್ ಬಂದ್ ಮಾಡಿ ತಮ್ಮ ಬೆರಳು ನೋಡುತ್ತ ನುಡಿಸಲು ಹೇಳಿದರು. ನಾನು ಹಿಮ್ಮೇಳದ ಒಂದು ಮೈಕು ಕಿತ್ತು ತಂದು, ಸಣ್ಣ ಸ್ಟ್ಯಾಂಡನ್ನು ಬಗ್ಗಿಸಿ, ಏಕತಾರಿಯ ಬುರುಡೆಗೆ ನಾಲ್ಕು ಬೆರಳಿನ ಅಂತರದಲ್ಲಿ ಇಟ್ಟೆ. ಅಜ್ಜಾರ ಎದುರು ಒಂದು ಸ್ಪೀಕರನ್ನು ಅವರ ಕಡೆಗೇ ತಿರುಗಿಸಿ, ಅದರಲ್ಲಿ ಅವರ ದನಿ ಮತ್ತು ತಂತಿ ಎರಡನ್ನೇ ಬಿಟ್ಟೆ. ಅವರು ಒಮ್ಮೆ ಮೀಟಿ, ಕಣ್ಣು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಬಿರಡೆಯನ್ನು ತಿರುಗಿಸಿ, ಇಷ್ಟು ವರ್ಷ ಪೇಟಿಯ ಮನೆಗೆ (ಕೀಲಿಗೆ) ಹೊಂದಿಸಿಕೊಂಡಿದ್ದ ಶ್ರುತಿಯನ್ನು ತಮ್ಮ ಗಂಟಲಿಗೆ ಎಲ್ಲಿ ಹಿತವೋ ಅಲ್ಲಿಗೆ ಇಳಿಸಿದರು. ಅದು ಪೇಟಿಯ ಎರಡು ಮನೆಗಳ ನಡುವೆ ಎಲ್ಲೋ ನಿಂತಿತು. ಪೇಟಿಯ ಮಾಸ್ತರರು ಕೈ ಹಿಂದಕ್ಕೆ ತೆಗೆದರು; ರೀಡಿನ ಶ್ರುತಿಯನ್ನು ಕುಳಿತಲ್ಲಿ ತಿದ್ದಲು ಬರುವುದಿಲ್ಲ. ಕೀಬೋರ್ಡಿನದು ಬರುತ್ತದೆ. ಹುಡುಗ ಗುಂಡಿಗಳನ್ನು ಒತ್ತುತ್ತ, ತಂತಿಗೆ ಕಿವಿಗೊಟ್ಟು, ಕೂದಲು ಕೂದಲಾಗಿ ಇಳಿಸಿ ತನ್ನ ವಾದ್ಯದ ಷಡ್ಜವನ್ನು ಏಕತಾರಿಗೆ ಕೂಡಿಸಿದ. ಎಡಗೈಯಲ್ಲಿ ಮಂದ್ರದ ಒಂದೇ ಸ್ವರವನ್ನು ಹಿಡಿದು, ಅಜ್ಜಾರ ಬೆರಳನ್ನು ಬಿಟ್ಟು ಬೇರೆಲ್ಲಿಯೂ ನೋಡದೆ ಅವನು ಕುಳಿತ. ನಾನು ಅವನ ಚಾನೆಲ್ಲನ್ನು ಮೇಲಕ್ಕೇರಿಸಿದೆ.

ನಿಲ್ಲಿಸಿದ್ದ ಶರೀಫರ ಪದವನ್ನೇ ಅಜ್ಜಾರು ಮೊದಲಿನಿಂದ ಎತ್ತಿದರು. ಎರಡನೆಯ ನುಡಿಯಲ್ಲಿ ನಿಂತು ಅರ್ಥ ಹೇಳಿದರು. ಕೆಳಗಿನ ಸ್ವರ ಅವರೊಂದಿಗೆ ನಿಂತೇ ಇತ್ತು. ಹಿಮ್ಮೇಳದ ಮುದುಕರು ಮತ್ತೆ ಬಾಯಿ ತೆರೆದರು. ಬೈಕಿನ ಹುಡುಗರಲ್ಲಿ ಅರ್ಧದಷ್ಟು ಜನ ಎದ್ದುಹೋದರು, ಅದನ್ನು ನಾನು ಮರೆಮಾಚುವುದಿಲ್ಲ. ಉಳಿದವರು ಮುಂದೆ ಬಂದು ಚಾಪೆಯ ಅಂಚಿಗೆ ಕುಳಿತರು.

ನ್ಯೂಪೋರ್ಟಿನ ಪ್ರಸಂಗವನ್ನು ಪೂರ್ತಿಯಾಗಿ ಓದಿದ್ದು ಅದರ ನಂತರವೇ. ಕೊಡಲಿಯ ಕಥೆ ಕಥೆ ಮಾತ್ರ ಎಂದೂ, ಸದ್ದು ಒಡೆದುಹೋಗಿ ಹಾಡಿನ ಮಾತುಗಳು ಕೇಳುತ್ತಿರಲಿಲ್ಲವೆಂಬುದೇ ತಮ್ಮ ಸಿಟ್ಟಿಗೆ ಕಾರಣ, ಕೈಯಲ್ಲಿ ಕೊಡಲಿ ಇದ್ದಿದ್ದರೆ ಕೇಬಲ್ ಕಡಿಯುತ್ತಿದ್ದೆ ಎಂದು ಹೇಳಿದ್ದು ನಿಜ ಎಂದೂ ಸೀಗರ್ ಮುಂದೆ ವಿವರಿಸಿದ್ದರು. ಡಿಲನ್ ಜೊತೆ ಅಂದು ನುಡಿಸಿದ ಹಲವರು ಇದ್ದ ಪಾಲ್ ಬಟರ್‌ಫೀಲ್ಡ್ ತಂಡವು ಅದೇ ಉತ್ಸವದಲ್ಲಿ ಎಲೆಕ್ಟ್ರಿಕ್ ವಾದ್ಯಗಳನ್ನೇ ನುಡಿಸಿತ್ತು. ಕೂಗಿದವರು ವಿದ್ಯುತ್ತಿಗೆ ಕೂಗಿದರೋ, ಕೆಟ್ಟ ಸದ್ದಿಗೋ, ಮೂರೇ ಹಾಡಿಗೆ ಮುಗಿದದ್ದಕ್ಕೋ ಎಂಬ ವಿಷಯದಲ್ಲಿ ಅಂದು ಅಲ್ಲಿದ್ದವರ ಮಾತುಗಳೇ ಒಂದಕ್ಕೊಂದು ಹೊಂದುವುದಿಲ್ಲ. ಮಿಕ್ಸರಿನ ಹಿಂದೆ ಕುಳಿತವರು ಅಂದು ಸದ್ದನ್ನು ಇಳಿಸಲಿಲ್ಲ, ನಾನು ಇಳಿಸಿದೆ. ಇಬ್ಬರಲ್ಲಿ ಯಾರು ಸರಿ ಎಂದು ಹೇಳಲು ನನಗೆ ಬರುವುದಿಲ್ಲ. ಆದರೆ ಹಾಡುವವರನ್ನು ಕೇಳದೆ ಇಳಿಸಿದ್ದು ತಪ್ಪು ಎಂಬುದರಲ್ಲಿ ನನಗೆ ಸಂಶಯವಿಲ್ಲ. ರಘು ದೀಕ್ಷಿತರು ಗಿಟಾರು, ಡ್ರಮ್ಮುಗಳೊಡನೆ ಶರೀಫರನ್ನು ಹಾಡುವುದನ್ನು ಈಗ ನಾನು ಸಂತೋಷದಿಂದಲೇ ಕೇಳುತ್ತೇನೆ, ಏಕೆಂದರೆ ಅಲ್ಲಿ ಪದದ ಮಾತು ಕಿವಿಗೆ ಬೀಳುತ್ತದೆ.

ಬೆಳಗಿನ ಮಂಗಳಾರತಿಯಾದ ಮೇಲೆ ವೈರು ಸುತ್ತುತ್ತಿರುವಾಗ ಹುಡುಗ ಬಂದು, ಏನೂ ಮಾತಾಡದೆ, ಇನ್ನೊಂದು ತುದಿಯಿಂದ ಸುತ್ತತೊಡಗಿದ. ನಾನು ತಪ್ಪಾಯಿತು ಎಂದೆ. ಅವನು ತಲೆ ಎತ್ತಲಿಲ್ಲ. ಕೇಬಲ್ ಸುತ್ತಿ ಮುಗಿದ ಮೇಲೆ, "ಅಣ್ಣಾರ, ಆ ತಂತಿ ಮೈಕಿನ ಸದ್ದು ನನ್ನ ಕಡೀಗೂ ಒಂದೀಟು ಬಿಡ್ರಿ ಮುಂದಿನ ಸಲ" ಎಂದು ಹೇಳಿ ಹೋದ.

ಮರುವರ್ಷದ ಶಿವರಾತ್ರಿಗೆ ಸಾಮಾನು ಎತ್ತಿಡುವಾಗ, ಹುಬ್ಬಳ್ಳಿಯಿಂದ ತರಿಸಿದ್ದ, ಬುರುಡೆಗೆ ಕಚ್ಚಿಸಿ ನಿಲ್ಲಿಸುವ ಒಂದು ಸಣ್ಣ ಮೈಕನ್ನು ನಾನು ಎಲ್ಲಕ್ಕಿಂತ ಮೊದಲು ಪೆಟ್ಟಿಗೆಯಲ್ಲಿ ಇಟ್ಟೆ.